ಮಳೆಗಾಲದಲ್ಲಿ ಹಸಿ ಇಟ್ಟಿಗೆಯ ಸಣ್ಣ ಶೆಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ, ದಾವಣಗೆರೆ ಕಡೆ ಹೊಲದಲ್ಲಿ ಒಂದು ಶೆಡ್ಡು ಬೇಕು ಅನ್ನಿಸುವುದು ಸಾಮಾನ್ಯವಾಗಿ ಮಳೆ ಶುರುವಾದ ಮೇಲೆ. ಗೊಬ್ಬರದ ಚೀಲ ನೆನೆಯುತ್ತದೆ, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೆ ಎರಚಲು ಹೊಡೆಯುತ್ತದೆ, ಸಲಿಕೆ ಗುದ್ದಲಿ ತುಕ್ಕು ಹಿಡಿಯುತ್ತವೆ. ಕಾಲ ಕೆಳಗೇ ಮಣ್ಣಿದೆ, ಮನೆಯಲ್ಲಿ ನಾಲ್ಕು ಕೈ ಇವೆ, ಹಸಿ ಇಟ್ಟಿಗೆಯಲ್ಲಿ, ಅಂದರೆ ಸುಡದೆ ಒಣಗಿಸಿದ ಮಣ್ಣಿನ ಇಟ್ಟಿಗೆಯಲ್ಲಿ, ಕಟ್ಟಿಬಿಡೋಣ ಅನ್ನಿಸುತ್ತದೆ. ಆಗ ಬರುವ ಪ್ರಶ್ನೆಗಳು ಇವು. ಇಲ್ಲಿರುವ ಲೆಕ್ಕವೆಲ್ಲ ಒಳಗೆ 10 ಅಡಿ ಉದ್ದ, 8 ಅಡಿ ಅಗಲ, ಒಂದು ಅಡಿ ದಪ್ಪ ಗೋಡೆ ಇರುವ ಒಂದೇ ಕೋಣೆಯ ಶೆಡ್ಡಿಗೆ.

ಮಳೆಗಾಲದಲ್ಲಿ ಶುರು ಮಾಡಬಹುದಾ, ಬೇಸಿಗೆವರೆಗೆ ಕಾಯಬೇಕಾ?

ಬೇಸಿಗೆಯೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಬಿಸಿಲಿಗೆ ಇಟ್ಟಿಗೆ ಬೇಗ ಒಣಗುತ್ತದೆ, ಗೋಡೆಯೂ ಬೇಗ ಏಳುತ್ತದೆ. ಕಾಯುವುದಕ್ಕೆ ಆಗುತ್ತದೆ ಅಂದರೆ ಕಾಯಿರಿ.

ಆಗಲ್ಲ ಅಂದರೆ ಮಳೆಗಾಲದಲ್ಲೂ ಕಟ್ಟಬಹುದು. ಷರತ್ತು ಒಂದೇ: ಮೊದಲು ಸೂರು, ಆಮೇಲೆ ಗೋಡೆ. ಕಂಬ ನೆಟ್ಟು ಶೀಟು ಹೊದಿಸಿ. ಆ ಸೂರಿನ ಕೆಳಗೆ ಇಟ್ಟಿಗೆ ಮಾಡಿ, ಅಲ್ಲೇ ಒಣಗಿಸಿ, ಅಲ್ಲೇ ಗೋಡೆ ಎಬ್ಬಿಸಿ. ಎಲ್ಲರೂ ಗೋಡೆ ಮುಗಿಸಿ ಚಾವಣಿ ಹಾಕುತ್ತಾರೆ. ಮಳೆಗಾಲದಲ್ಲಿ ಆ ಕ್ರಮ ತಿರುಗಿಸಬೇಕು. ಈ ಪುಟದಲ್ಲಿ ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಇದೊಂದನ್ನು ಇಟ್ಟುಕೊಳ್ಳಿ.

ನಮ್ಮದು ಬಯಲುಸೀಮೆ. ಮಳೆಗೆ ಇಷ್ಟು ಹೆದರಬೇಕಾ?

ಹೆದರಬೇಕು. ನಮ್ಮಲ್ಲಿ ಮಳೆ ವರ್ಷಕ್ಕೆ ಕಡಿಮೆಯೇ, ಆದರೆ ಬಂದಾಗ ಒಂದೇ ರಾತ್ರಿಯಲ್ಲಿ ಸುರಿಯುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅಷ್ಟು ವರ್ಷ ತುಂಬದ ಕೆರೆ ತುಂಬಿತು ಅಂದರೆ, ಬರದ ಸೀಮೆ ಅಂತ ಮೈಮರೆಯುವಂತಿಲ್ಲ ಅಂತಲೇ ಅರ್ಥ. ಮಣ್ಣಿನ ಗೋಡೆಗೆ ವರ್ಷದ ಲೆಕ್ಕ ಗೊತ್ತಾಗುವುದಿಲ್ಲ. ಬುಡದಲ್ಲಿ ನೀರು ನಿಂತ ಒಂದು ರಾತ್ರಿಯೇ ಅದಕ್ಕೆ ಸಾಕು.

ಜಾಗದಿಂದ ಜಾಗಕ್ಕೂ ವ್ಯತ್ಯಾಸ ಇದೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ನಿಮಗೆ ಒಣ ದಿನ ಜಾಸ್ತಿ ಸಿಗುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯವರು ಜಿಟಿಜಿಟಿ ಮಳೆಗೂ ತಯಾರಿರಬೇಕು.

ಯಾವ ಮಳೆ ಹೊತ್ತಿಗೆ ಏನು ಮುಗಿಸಬೇಕು?

ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ರೋಹಿಣಿ, ಮೃಗಶಿರ ಮಳೆ ಹೊತ್ತಿಗೆ, ಅಂದರೆ ಮೇ ಕೊನೆಯಿಂದ ಜೂನ್ ಮೂರನೇ ವಾರದೊಳಗೆ, ಪಾಯ ಮುಗಿದು ಸೂರು ನಿಂತಿರಲಿ. ಆರಿದ್ರಾದಿಂದ ಪುಷ್ಯದವರೆಗೆ, ಜುಲೈ ಪೂರ್ತಿ ಅನ್ನಿ, ನಮ್ಮ ಕಡೆ ಮೋಡ ಮತ್ತು ಗಾಳಿ ಜಾಸ್ತಿ, ಜೋರು ಮಳೆ ಕಡಿಮೆ. ಇಟ್ಟಿಗೆ ಮಾಡುವುದಕ್ಕೆ ಇದು ಒಳ್ಳೆ ಕಾಲ. ಬಿಸಿಲಿಲ್ಲದಿದ್ದರೂ ಆಷಾಢದ ಗಾಳಿ ಸೂರಿನ ಕೆಳಗೆ ಆಡಿ ಇಟ್ಟಿಗೆಯನ್ನು ನಿಧಾನವಾಗಿ ಒಣಗಿಸುತ್ತದೆ. ನಿಧಾನವಾಗಿ ಒಣಗಿದ ಇಟ್ಟಿಗೆ ಬಿರುಕು ಬಿಡುವುದೂ ಕಡಿಮೆ. ಸುಡು ಬಿಸಿಲಿನಲ್ಲಿ ಸಿಗದ ಅನುಕೂಲ ಇದು.

ಆಶ್ಲೇಷ, ಮಘದಲ್ಲಿ ಗೋಡೆ ಎಬ್ಬಿಸಿ. ಹುಬ್ಬ ಮುಗಿಯುವುದರೊಳಗೆ ಗೋಡೆ ಮೇಲಕ್ಕೆ ಮುಟ್ಟಿರಬೇಕು. ಸೆಪ್ಟೆಂಬರ್ ನಡುವಿಗೆ ಉತ್ತರೆ ಬರುತ್ತದೆ, ಹಿಂದೆಯೇ ಹಸ್ತ, ಚಿತ್ತ. ನಮ್ಮ ಎರಡೂ ಜಿಲ್ಲೆಗಳಲ್ಲಿ ಜೋರು ಮಳೆ ಹೊಡೆಯುವುದು ಇವೇ ದಿನಗಳಲ್ಲಿ. ಅಷ್ಟರಲ್ಲಿ ಮುಗಿಯದಿದ್ದರೆ ಎಲ್ಲಿದೆಯೋ ಅಲ್ಲಿಗೇ ನಿಲ್ಲಿಸಿ, ಮೇಲೆ ಹೊದಿಸಿ ಬಿಡಿ. ಹಠ ಹಿಡಿದು ಚಿತ್ತ ಮಳೆಯಲ್ಲಿ ವರಸೆ (ಇಟ್ಟಿಗೆಯ ಸಾಲು) ಏರಿಸಬೇಡಿ. ಗೋಡೆಗೆ ಮಣ್ಣು ಮೆತ್ತುವ ಕೆಲಸ ದೀಪಾವಳಿ ಕಳೆದ ಮೇಲೆ.

ಸೂರು ಮೊದಲು ಅಂದರೆ ಹೇಗೆ ನಿಲ್ಲಿಸುವುದು?

ಗೋಡೆಯ ಹೊರಗೆ ಕಂಬ ನೆಡಿ. ಸೂರಿನ ಭಾರ ಪೂರ್ತಿ ಕಂಬಗಳ ಮೇಲಿರಲಿ, ಗೋಡೆ ತನ್ನ ಭಾರ ಮಾತ್ರ ಹೊರಲಿ. ಆಗ ಗೋಡೆ ಹಸಿ ಇದ್ದರೂ, ಒಂದು ಮೂಲೆ ಕೆಡವಿ ಮತ್ತೆ ಕಟ್ಟಬೇಕಾದರೂ ತಲೆ ಮೇಲಿನ ಶೀಟಿಗೆ ಏನೂ ಆಗುವುದಿಲ್ಲ.

ಹೊರ ಅಳತೆ 12 ಅಡಿ, 10 ಅಡಿ. ಸುತ್ತ ಎರಡು ಅಡಿ ಸೂರು ಚಾಚಬೇಕು. ಹಾಗಾಗಿ ಚಾವಣಿ 16 ಅಡಿಗೆ 14 ಅಡಿ ಆಗುತ್ತದೆ. ಎರಡಡಿ ಜಾಸ್ತಿ ಅಂತ ಹೇಳಿ ಒಂದಡಿಗೆ ಇಳಿಸುವವರಿದ್ದಾರೆ. ದಯವಿಟ್ಟು ಬೇಡ. ಉಳಿದದ್ದರಲ್ಲೆಲ್ಲ ಉಳಿತಾಯ ಮಾಡಿ, ಸೂರಿನ ಚಾಚಿನಲ್ಲಿ ಮಾಡಬೇಡಿ.

ಕಂಬಕ್ಕೆ ನೀಲಗಿರಿ ಅಥವಾ ಸರ್ವೆ ಮರ ಸಾಕು. ಕಬ್ಬಿಣದ ಪೈಪಿದ್ದರೆ ಇನ್ನೂ ಒಳ್ಳೆಯದು. ಎರಡೂವರೆ ಅಡಿ ಆಳಕ್ಕೆ ಹೂತು ಸುತ್ತ ಕಲ್ಲು ಜಡಿದು ಗಟ್ಟಿ ಮಾಡಿ. ಮರದ ಕಂಬವಾದರೆ ಹೂಳುವ ಭಾಗವನ್ನು ಬೆಂಕಿಯಲ್ಲಿ ಮೇಲುಮೇಲೆ ಸುಟ್ಟು, ಡಾಂಬರು ಬಳಿಯಿರಿ. ಇಲ್ಲದಿದ್ದರೆ ಗೆದ್ದಲು ಬಿಡುವುದಿಲ್ಲ.

ಒಂದೇ ಕಡೆ ಇಳಿಜಾರು ಸಾಕು. ತಗ್ಗಿನ ಬದಿ ಪಶ್ಚಿಮಕ್ಕೆ ಬರಲಿ, ಮುಂಗಾರಿನ ಗಾಳಿ ಮಳೆ ಆ ಕಡೆಯಿಂದಲೇ ನುಗ್ಗುವುದು. ಗೋಡೆ ತಗ್ಗಿನ ಬದಿ ಆರೂವರೆ ಅಡಿ, ಎತ್ತರದ ಬದಿ ಎಂಟು ಅಡಿ ಇದ್ದರೆ ನೀರು ಸರಾಗವಾಗಿ ಹರಿಯುತ್ತದೆ.

ಗಾಳಿಯದು ಪ್ರತ್ಯೇಕ ಮಾತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ಸುಮ್ಮನೆ ನಿಂತಿಲ್ಲ. ಗೋಡೆ ಇಲ್ಲದ ಸೂರಿನ ಕೆಳಗೆ ಗಾಳಿ ಹೊಕ್ಕು ಶೀಟನ್ನು ಎತ್ತಿ ಒಗೆಯುತ್ತದೆ. ಶೀಟಿಗೆ ಮೊಳೆ ಸಾಲದು, ಕೊಕ್ಕೆ ಬೋಲ್ಟು ಹಾಕಿ. ಕಂಬದಿಂದ ಕಂಬಕ್ಕೆ ಓರೆಯಾಗಿ ಗಳ ಕಟ್ಟಿ. ನಾಲ್ಕು ಮೂಲೆಯಿಂದ ದಪ್ಪ ತಂತಿ ಎಳೆದು, ನೆಲದಲ್ಲಿ ಹೂತ ದೊಡ್ಡ ಕಲ್ಲಿಗೆ ಬಿಗಿಯಿರಿ. ಗೋಡೆ ಪೂರ್ತಿ ಎದ್ದ ಮೇಲೂ ಈ ತಂತಿ ಬಿಚ್ಚಬೇಡಿ.

ಹಳೆ ಮನೆಗಳ ಹಾಗೆ ಮಣ್ಣಿನ ಮಾಳಿಗೆ ಹಾಕಬಹುದಾ?

ಮಾಳಿಗೆ ಮನೆಯ ತಂಪು ಶೀಟಿಗೆ ಬರುವುದಿಲ್ಲ, ನಿಜ. ಆದರೆ ಮಳೆಗಾಲದಲ್ಲಿ ಅದನ್ನು ಕೈಗೆತ್ತಿಕೊಳ್ಳಬೇಡಿ. ಅರ್ಧ ಅಡಿ ದಪ್ಪ ಮಣ್ಣು ಒಣಗಿದ್ದಾಗಲೇ ಒಂದು ಚದರ ಅಡಿಗೆ ಇಪ್ಪತ್ತು ಕಿಲೋ ದಾಟುತ್ತದೆ. ನೂರು ಚದರ ಅಡಿ ಅಂದರೆ ಎರಡು ಟನ್ನಿಗೂ ಮೇಲೆ. ನೆನೆದರೆ ಇನ್ನೂ ಭಾರ. ಅಷ್ಟನ್ನು ಹೊರುವ ತೊಲೆ, ಜಂತೆ ಬೇಕು. ಮೇಲೆ ಹಾಕುವ ಕರ್ಲು (ಚೌಳು) ಮಣ್ಣನ್ನು ಹದವಾಗಿ ಬಡಿದು ಕೂರಿಸುವ ಕೈ ಬೇಕು, ಪ್ರತಿ ವರ್ಷ ಮಳೆಗೆ ಮುಂಚೆ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ, ಗೊತ್ತಿದ್ದವರನ್ನು ಜೊತೆಗಿಟ್ಟುಕೊಂಡು ಮಾಡುವ ಕೆಲಸ ಅದು.

ಚಿತ್ರದುರ್ಗದ ಕೋಟೆಯಲ್ಲಿ ಮಣ್ಣಿನ ಗೋಡೆಗಳು ಸೂರಿಲ್ಲದೆ ನಿಂತಿವೆಯಲ್ಲ?

ನಿಂತಿವೆ. ಕೋಟೆ ಹೈದರಾಲಿಯ ವಶವಾದದ್ದು 1779ರಲ್ಲಿ. ಪಾಳೆಯಗಾರರ ಕಾಲದ ಆ ಮಣ್ಣಿನ ಗೋಡೆಗಳು ಇವತ್ತಿಗೂ ಕಾಣುತ್ತವೆ. ಮಣ್ಣು ಅಂದರೆ ಮೂಗು ಮುರಿಯುವವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕು.

ಆದರೆ ಅವುಗಳ ದಪ್ಪ ನೋಡಿ. ನಮ್ಮ ಶೆಡ್ಡಿನ ಒಂದಡಿ ಗೋಡೆಯ ಹಲವು ಪಟ್ಟು ಇವೆ. ಮಳೆ ಪ್ರತಿ ವರ್ಷ ಒಂದಿಷ್ಟು ತೊಳೆದರೂ ಒಳಗೆ ಬೇಕಾದಷ್ಟು ಉಳಿಯುತ್ತದೆ. ಅವು ಬಂಡೆಯ ಜಾಗದಲ್ಲಿವೆ, ಬುಡದಲ್ಲಿ ನೀರು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವು ಪೂರ್ತಿ ಒಣಗಿದ ಗೋಡೆಗಳು. ಒಣಗಿದ ಗೋಡೆಯ ಮೇಲೆ ಬಿದ್ದ ಮಳೆ ಹೊರಮೈಯನ್ನಷ್ಟೇ ಕೆರೆಯುತ್ತದೆ. ಹಸಿ ಗೋಡೆಯ ಮೇಲೆ ಬಿದ್ದ ಮಳೆ ಗೋಡೆಯನ್ನೇ ಇಳಿಸುತ್ತದೆ.

ಯಾವ ಮಣ್ಣು ಒಳ್ಳೆಯದು? ನಮ್ಮದು ಎರೆ ಹೊಲ.

ಇಟ್ಟಿಗೆಗೆ ಜಿಗುಟು ಮತ್ತು ಮರಳು ಎರಡೂ ಬೇಕು. ನೂರು ಪಾಲಿನಲ್ಲಿ ಜಿಗುಟು ಮಣ್ಣು 15ರಿಂದ 30 ಪಾಲು, ಮರಳು ಅರ್ಧಕ್ಕಿಂತ ಜಾಸ್ತಿ, ಉಳಿದದ್ದು ನುಣುಪು ಮಣ್ಣು. ನಮ್ಮ ಕೆಂಪು ಮಣ್ಣು ಬಹಳ ಕಡೆ ಇದಕ್ಕೆ ಹತ್ತಿರವೇ ಇರುತ್ತದೆ.

ಎರೆ ಮಣ್ಣನ್ನು, ಅಂದರೆ ಕಪ್ಪು ಮಣ್ಣನ್ನು, ಒಂಟಿಯಾಗಿ ಬಳಸಬೇಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುವುದನ್ನು ನೋಡಿದ್ದೀರಲ್ಲ, ಇಟ್ಟಿಗೆಯೂ ಹಾಗೇ ಸೀಳುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಒಂದು ಪಾಲು ಎರೆಗೆ ಎರಡು ಮೂರು ಪಾಲು ಮರಳು ಅಥವಾ ಮರಳು ಜಾಸ್ತಿ ಇರುವ ಕೆಂಪು ಮಣ್ಣು ಬೆರೆಸಿ, ಮೊದಲು ನಾಲ್ಕೈದು ಇಟ್ಟಿಗೆ ಮಾಡಿ ಒಣಗಿಸಿ ನೋಡಿ.

ಮೇಲಿನ ಅರ್ಧ ಅಡಿ ಮಣ್ಣು ತೆಗೆದು ಪಕ್ಕಕ್ಕೆ ಹಾಕಿ. ಅದರಲ್ಲಿ ಬೇರು, ಗೊಬ್ಬರ ಇರುತ್ತದೆ, ಬೆಳೆಗೆ ಬೇಕಾದ ಮಣ್ಣು ಅದು. ಕೆಳಗಿನದನ್ನು ಬಳಸಿ. ಮಣ್ಣು ತೆಗೆಯುವ ಗುಂಡಿ ಶೆಡ್ಡಿಗೆ ದೂರ ಇರಲಿ. ಹತ್ತಿರವಿದ್ದರೆ ಅದರಲ್ಲಿ ನೀರು ತುಂಬಿ ನಿಮ್ಮ ಪಾಯಕ್ಕೇ ಬರುತ್ತದೆ.

ಮನೆಯಲ್ಲೇ ಮಣ್ಣು ಪರೀಕ್ಷೆ ಮಾಡುವುದು ಹೇಗೆ?

ಎರಡು ಪರೀಕ್ಷೆ ಸಾಕು. ಮಣ್ಣನ್ನು ಗಟ್ಟಿಯಾಗಿ ಕಲಸಿ ಎರಡು ಸೆಂಟಿಮೀಟರಿನ ಐದಾರು ಗೋಲಿ ಮಾಡಿ, ಎರಡು ದಿನ ಒಣಗಿಸಿ. ತೋರುಬೆರಳು, ಹೆಬ್ಬೆರಳ ನಡುವೆ ಇಟ್ಟು ಒತ್ತಿ. ಒಂದೂ ಒಡೆಯದಿದ್ದರೆ ಜಿಗುಟು ಸಾಕಷ್ಟಿದೆ. ಕೆಲವು ಪುಡಿಯಾದರೆ ಜಿಗುಟು ಮಣ್ಣು ಸೇರಿಸಿ. ಮಣ್ಣಿನ ಕಟ್ಟಡಗಳ ಬಗ್ಗೆ ಭಾರತೀಯ ಮಾನಕ ಬ್ಯೂರೋ 1993ರಲ್ಲಿ ತಂದ ಐಎಸ್ 13827 ಮಾರ್ಗಸೂಚಿಯಲ್ಲೂ ಇದೇ ಪರೀಕ್ಷೆ ಇದೆ. ಮಳೆಗಾಲದಲ್ಲಿ ಗೋಲಿಗಳನ್ನು ಒಲೆಯ ಹತ್ತಿರ ಇಡಿ, ಇಲ್ಲದಿದ್ದರೆ ಎರಡು ದಿನದಲ್ಲಿ ಒಣಗುವುದಿಲ್ಲ.

ಇನ್ನೊಂದು, ಗಾಜಿನ ಬಾಟಲಿ. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಮೇಲೆ ನುಣುಪು ಮಣ್ಣು, ಅದರ ಮೇಲೆ ಮಾರನೇ ದಿನದ ಹೊತ್ತಿಗೆ ಜಿಗುಟು. ಪದರಗಳನ್ನು ಅಳೆದರೆ ಪಾಲು ಗೊತ್ತಾಗುತ್ತದೆ.

ಕೆರೆ ಗೋಡು ಅಥವಾ ಹುತ್ತದ ಮಣ್ಣು ಆಗುತ್ತದಾ?

ಗೋಡಿನಲ್ಲಿ, ಅಂದರೆ ಕೆರೆಯ ಹೂಳಿನಲ್ಲಿ, ಮರಳು ಕಡಿಮೆ, ಕೊಳೆತ ಕಸ ಜಾಸ್ತಿ. ಅದು ಹೊಲಕ್ಕೆ ಚಿನ್ನ, ಗೋಡೆಗೆ ಅಷ್ಟಕ್ಕಷ್ಟೆ. ಕೆಂಪು ಮಣ್ಣಿಗೆ ಜಿಗುಟು ಸಾಲದಿದ್ದರೆ ಸ್ವಲ್ಪ ಬೆರೆಸಬಹುದು. ಹುತ್ತದ ಮಣ್ಣು ನೆಲ ಮಾಡುವುದಕ್ಕೆ, ಮೆತ್ತುವುದಕ್ಕೆ ಬಹಳ ಚೆನ್ನ. ಬಿಟ್ಟುಹೋದ ಹುತ್ತವಾದರೆ ಮಾತ್ರ ತನ್ನಿ. ಊರವರು ಹಾಲೆರೆಯುವ ಹುತ್ತಕ್ಕೆ ಕೈ ಹಾಕಬೇಡಿ.

ಪಾಯ ಎಷ್ಟು ಆಳ?

ಕೆಂಪು ಮಣ್ಣು, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಇರುವ ಕಡೆ ಒಂದೂವರೆಯಿಂದ ಎರಡು ಅಡಿ ಆಳ, ಎರಡು ಅಡಿ ಅಗಲ. ಎರೆ ಭೂಮಿಯಾದರೆ ಗರಸು ಸಿಗುವವರೆಗೆ ಅಗೆಯಬೇಕು. ಗರಸು ತುಂಬ ಕೆಳಗಿದ್ದರೆ ಮೂರಡಿವರೆಗೆ ಎರೆ ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿ. ಹೊಲದಲ್ಲಿ ಬೇರೆ ಜಾಗ ಇದ್ದರೆ ಎರೆ ಬಿಟ್ಟು ಗರಸು ದಿಣ್ಣೆಯ ಮೇಲೆ ಕಟ್ಟುವುದು ಎಲ್ಲಕ್ಕಿಂತ ಜಾಣತನ.

ಪಾಯದಿಂದ ಮೇಲಕ್ಕೆ ಕಲ್ಲಿನ ಕಟ್ಟು ನೆಲಮಟ್ಟದಿಂದ ಒಂದೂವರೆ ಅಡಿಯಾದರೂ ಬರಬೇಕು. ಸೂರಿನಿಂದ ಬಿದ್ದ ಹನಿ ನೆಲಕ್ಕೆ ಬಡಿದು ಸಿಡಿಯುತ್ತದೆ, ಆ ಸಿಡಿತ ಕಲ್ಲಿಗೆ ತಾಗಲಿ, ಮಣ್ಣಿಗಲ್ಲ. ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಈ ಕಟ್ಟಿಗೆ ಮಾತ್ರ ಸಿಮೆಂಟ್ ಗಾರೆ ಬಳಸಿ. ಮೇಲೆ, ಮೊದಲ ಇಟ್ಟಿಗೆ ವರಸೆಗೆ ಮುಂಚೆ, ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿದರೆ ನೆಲದ ತೇವ ಮೇಲೇರುವುದಿಲ್ಲ.

ಸುತ್ತ ಒಂದು ಕಾಲುವೆ ತೆಗೆಯಿರಿ, ಸೂರಿನ ಹನಿ ಬೀಳುವ ಗೆರೆಗಿಂತ ಸ್ವಲ್ಪ ಹೊರಗೆ. ಅದನ್ನು ತಗ್ಗಿನ ಕಡೆ ಹರಿಯಬಿಡಿ. ಇದನ್ನು ಕೊನೆಗೆ ಮಾಡೋಣ ಅಂತ ಬಿಡುತ್ತಾರೆ. ಮೊದಲೇ ಮಾಡಿ.

ಎಷ್ಟು ಇಟ್ಟಿಗೆ ಬೇಕು? ಅಚ್ಚಿನ ಅಳತೆ ಏನು?

12 ಇಂಚು ಉದ್ದ, 8 ಇಂಚು ಅಗಲ, 4 ಇಂಚು ಎತ್ತರದ ಅಚ್ಚು. ತಳ, ಮೇಲು ಎರಡೂ ಇಲ್ಲದ ಮರದ ಚೌಕಟ್ಟು. ಇಟ್ಟಿಗೆಯ 12 ಇಂಚು ಗೋಡೆಯ ದಪ್ಪಕ್ಕೆ ಬರುವ ಹಾಗೆ ಅಡ್ಡ ಇಡುತ್ತಾ ಹೋದರೆ ಒಂದಡಿ ಗೋಡೆ ಆಗುತ್ತದೆ. ಕಲ್ಲಿನ ಕಟ್ಟು, ಬಾಗಿಲು, ಕಿಟಕಿ ಕಳೆದರೆ ಸುಮಾರು 730 ಇಟ್ಟಿಗೆ. ಒಡೆದದ್ದು, ನೆನೆದದ್ದು ಸೇರಿಸಿ 850 ಮಾಡಿಕೊಳ್ಳಿ. ಒಣಗಿದ ಒಂದು ಇಟ್ಟಿಗೆ 10ರಿಂದ 11 ಕಿಲೋ. ಒಟ್ಟು ಮೂರ್ನಾಲ್ಕು ಟ್ರ್ಯಾಕ್ಟರ್ ಲೋಡು ಮಣ್ಣು.

ಹೊಸಬರು ಇಬ್ಬರು ಸೇರಿದರೆ ದಿನಕ್ಕೆ ಎಂಬತ್ತು, ನೂರು ಇಟ್ಟಿಗೆ ಹಾಕಬಹುದು. ಆದರೆ ಸೂರಿನ ಕೆಳಗೆ ಒಮ್ಮೆಗೆ ಹಾಸಲು ಜಾಗ ಇರುವುದು ನೂರು, ನೂರಿಪ್ಪತ್ತಕ್ಕೆ. ಹಾಗಾಗಿ ಕಂತು ಕಂತಾಗಿ ಮಾಡಬೇಕು. ಮಳೆಗಾಲದ ಕೆಲಸದ ವೇಗ ನಿಮ್ಮ ತೋಳಿನ ಮೇಲೆ ನಿಂತಿಲ್ಲ, ಒಣಗುವ ಜಾಗದ ಮೇಲೆ ನಿಂತಿದೆ. ಪಕ್ಕದಲ್ಲಿ ತಾಡಪಾಲಿನ ಇನ್ನೊಂದು ಚಪ್ಪರ ಹಾಕಿಕೊಂಡರೆ ದಿನಗಳು ಉಳಿಯುತ್ತವೆ.

ಮಣ್ಣು ಕಲಸುವ ಹದ ಹೇಗಿರಬೇಕು? ಹುಲ್ಲು ಹಾಕಲೇಬೇಕಾ?

ಹಿಂದಿನ ದಿನವೇ ನೀರು ಹಾಕಿ ನೆನೆಯಲು ಬಿಡಿ. ಬೆಳಿಗ್ಗೆ ಕಾಲಿನಲ್ಲಿ ತುಳಿಯಿರಿ. ಗಂಟು ಒಂದೂ ಇರಬಾರದು. ಬಾಯಿಗೆ ಇಟ್ಟರೆ ಜಾರುವ ರಾಗಿ ಮುದ್ದೆಗಿಂತ ಸ್ವಲ್ಪ ಗಟ್ಟಿ ಇರಲಿ. ಅಚ್ಚು ಎತ್ತಿದಾಗ ಇಟ್ಟಿಗೆ ಅದೇ ಆಕಾರದಲ್ಲಿ ನಿಂತರೆ ಹದ ಸರಿ. ಹೊಟ್ಟೆ ಉಬ್ಬಿ ಇಳಿದರೆ ನೀರು ಜಾಸ್ತಿ. ಮಳೆಗಾಲದಲ್ಲಿ ಮಣ್ಣಲ್ಲೇ ತೇವ ಇರುತ್ತದೆ, ಬೇಸಿಗೆಯ ಲೆಕ್ಕದಲ್ಲಿ ನೀರು ಸುರಿಯಬೇಡಿ. ಮಣ್ಣಿನ ರಾಶಿಗೂ ಹೊದಿಕೆ ಹಾಕಿಡಿ.

ಹುಲ್ಲು ಬಿರುಕು ತಡೆಯುತ್ತದೆ. ದಾವಣಗೆರೆ, ಹರಿಹರದ ನಾಲೆ ಕಡೆಯವರಿಗೆ ಭತ್ತದ ಹುಲ್ಲು, ದುರ್ಗದ ಕಡೆಯವರಿಗೆ ರಾಗಿ ಹುಲ್ಲು. ಮೂರ್ನಾಲ್ಕು ಇಂಚಿಗೆ ಕತ್ತರಿಸಿ ಹಾಕಿ. ಒಂದು ಬಾಂಡ್ಲಿ ಮಣ್ಣಿಗೆ ಒಂದು ಹಿಡಿ ಸಾಕು. ಮಳೆಗಾಲದಲ್ಲಿ ಜಾಸ್ತಿ ಹಾಕಿದರೆ ಇಟ್ಟಿಗೆ ಒಣಗುವ ಮೊದಲೇ ಒಳಗೆ ಹುಲ್ಲು ಕೊಳೆತು ಬೂಷ್ಟು ಬರುತ್ತದೆ. ಮೆಕ್ಕೆಜೋಳದ ದಂಟು ಬೇಡ, ದಪ್ಪ ಜಾಸ್ತಿ.

ಇಟ್ಟಿಗೆ ಒಣಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಹೊರಗೆ ಒಣಗಿದ ಬಣ್ಣ ನೋಡಿ ನಂಬಬೇಡಿ. ಪ್ರತಿ ಕಂತಿನಿಂದ ಒಂದು ಇಟ್ಟಿಗೆ ಒಡೆದು ನೋಡಿ. ನಡುವೆ ಗಾಢ ಬಣ್ಣ ಇದ್ದರೆ ಇನ್ನೂ ಹಸಿ. ಬೇಸಿಗೆಯಲ್ಲಿ ಎರಡು ವಾರಕ್ಕೆ ಆಗುವುದು ಮಳೆಗಾಲದಲ್ಲಿ ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ.

ಹಾಸಿದ ಮೂರ್ನಾಲ್ಕು ದಿನಕ್ಕೆ, ಕೈಯಲ್ಲಿ ಎತ್ತುವಷ್ಟು ಗಟ್ಟಿಯಾದ ಮೇಲೆ, ಅಂಚಿನ ಮೇಲೆ ನಿಲ್ಲಿಸಿ. ಇನ್ನೊಂದು ವಾರಕ್ಕೆ ಕಲ್ಲು ಅಥವಾ ಗಳದ ಮೇಲೆ, ನಡುನಡುವೆ ಎರಡು ಬೆರಳು ಸಂದು ಬಿಟ್ಟು ಜೋಡಿಸಿ. ಗಾಳಿ ಆಡಬೇಕು. ರಾತ್ರಿ ತಾಡಪಾಲು ಸುತ್ತಿ ಬಿಗಿಯುವುದು ತಪ್ಪು. ಒಳಗಿನ ತೇವ ಹನಿಯಾಗಿ ಇಟ್ಟಿಗೆ ಮೇಲೇ ಬೀಳುತ್ತದೆ. ತಾಡಪಾಲು ಇಟ್ಟಿಗೆಗೆ ತಾಗದಂತೆ, ಎರಚಲು ಬರುವ ಬದಿಗೆ ಮಾತ್ರ ಇಳಿಬಿಡಿ.

ಒಣಗಿದ್ದನ್ನು ಸೊಂಟದ ಎತ್ತರದಿಂದ ಗಟ್ಟಿ ಮಣ್ಣಿನ ನೆಲಕ್ಕೆ ಬೀಳಿಸಿ. ಮೂಲೆ ಚೂರಾದರೆ ಪರವಾಗಿಲ್ಲ, ಇಟ್ಟಿಗೆಯೇ ಪುಡಿಯಾದರೆ ಆ ಮಣ್ಣಿನ ಪಾಲು ಸರಿಯಿಲ್ಲ. ಎರಡು ಇಟ್ಟಿಗೆಗಳ ಮೇಲೆ ಒಂದನ್ನು ಸೇತುವೆ ಹಾಗೆ ಇಟ್ಟು ಅದರ ಮೇಲೆ ಮೆಲ್ಲಗೆ ನಿಂತೂ ನೋಡಬಹುದು.

ಮಾಡಿದ ಇಟ್ಟಿಗೆ ಮಳೆಗೆ ಸಿಕ್ಕಿ ಕೆಟ್ಟಿತು. ಎಲ್ಲ ಹೋಯಿತಾ?

ಏನೂ ಹೋಗಿಲ್ಲ. ಮೈ ಮೇಲೆ ಗುಳಿ ಬಿದ್ದಿದ್ದರೆ ಹಾಗೇ ಒಣಗಿಸಿ ಬಳಸಿ. ಗುಳಿ ಇದ್ದರೆ ಗಾರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಕುಸಿದು ಮುದ್ದೆಯಾಗಿದ್ದರೆ ಮತ್ತೆ ಗುಂಡಿಗೆ ಹಾಕಿ ತುಳಿಯಿರಿ. ನಿಮ್ಮ ಒಂದು ದಿನದ ದುಡಿಮೆ ಹೋಯಿತು, ಅದು ನೋವೇ. ಆದರೆ ಮಣ್ಣು ಮಣ್ಣಾಗಿಯೇ ಉಳಿದಿದೆ.

ಸಿಮೆಂಟ್ ಬೆರೆಸಿದರೆ ಮಳೆ ಚಿಂತೆ ಇರುವುದಿಲ್ಲ ಅಲ್ವಾ?

ಸ್ವಲ್ಪ ಕಡಿಮೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಅದು ಒಳ್ಳೆ ಇಟ್ಟಿಗೆ. ಆದರೆ ಕೈಯಲ್ಲಿ ಅಚ್ಚು ಹಾಕುವ ಇಟ್ಟಿಗೆ ಅದಲ್ಲ. ಯಂತ್ರದ ಒತ್ತಡ ಕೈಗೆ ಬರುವುದಿಲ್ಲ.

ಸೂರು ಮೊದಲೇ ಇದ್ದರೆ ಇಡೀ ಗೋಡೆಗೆ ಸಿಮೆಂಟ್ ಬೇಡ ಅಂತಲೇ ನನ್ನ ಮಾತು. ಕಲ್ಲಿನ ಕಟ್ಟಿನ ಮೇಲಿನ ಮೊದಲ ಎರಡು ವರಸೆಗೆ, ಕಿಟಕಿಯ ಕೆಳಗಿನ ವರಸೆಗೆ ಮಾತ್ರ ನೂರಕ್ಕೆ ಐದರಿಂದ ಎಂಟು ಪಾಲು ಬೆರೆಸಿ. 50 ಕಿಲೋ ಚೀಲ ಐದು ಪಾಲಿನ ಲೆಕ್ಕದಲ್ಲಿ ಸುಮಾರು 90 ಇಟ್ಟಿಗೆಗೆ ಬರುತ್ತದೆ. ಕಲಸಿದ್ದನ್ನು ಒಂದು ಗಂಟೆಯೊಳಗೆ ಅಚ್ಚಿಗೆ ಹಾಕಬೇಕು. ಈ ಇಟ್ಟಿಗೆಯನ್ನು ಒಣಗಿಸಬಾರದು, ಮೂರು ವಾರ ತೇವದಲ್ಲಿಡಬೇಕು. ಕೆಟ್ಟರೆ ಮತ್ತೆ ತುಳಿಯುವುದಕ್ಕೂ ಬರುವುದಿಲ್ಲ. ಎರೆ ಪಾಲು ಜಾಸ್ತಿ ಇರುವ ಮಣ್ಣಿಗೆ ಸಿಮೆಂಟಿಗಿಂತ ಸುಣ್ಣ ಒಗ್ಗುತ್ತದೆ.

ಇಟ್ಟಿಗೆ ಒಣಗುತ್ತಲೇ ಇಲ್ಲ. ಬೇರೆ ದಾರಿ ಇದೆಯಾ?

ಇದೆ. ಇಟ್ಟಿಗೆ ಬಿಟ್ಟು ಮುದ್ದೆ ಗೋಡೆಗೆ ಹೋಗಿ. ಗಟ್ಟಿಯಾಗಿ ಕಲಸಿದ ಮಣ್ಣಿನ ಮುದ್ದೆಗಳನ್ನು ನೇರವಾಗಿ ಗೋಡೆಯ ಮೇಲೆ ಒತ್ತಿ ಕೂರಿಸುತ್ತಾ ಒಂದು ಸಲಕ್ಕೆ ಒಂದಡಿ ಏರಿಸಿ. ನಾಲ್ಕೈದು ದಿನ ಬಿಟ್ಟು, ಬೆರಳು ಒತ್ತಿದರೆ ಕುಳಿ ಬೀಳದಷ್ಟು ಗಟ್ಟಿಯಾದ ಮೇಲೆ ಮುಂದಿನ ಅಡಿ. ಒಣಗಿಸುವ ಜಾಗವೇ ಬೇಕಿಲ್ಲ. ಸೂರು ಇಲ್ಲದಿದ್ದರೆ ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ.

ಗೋಡೆ ದಿನಕ್ಕೆ ಎಷ್ಟು ಏರಿಸಬಹುದು?

ಮೂರು ವರಸೆ. ಬೇಸಿಗೆಯಲ್ಲಿ ಐದು ಮಾಡುತ್ತಾರೆ, ಈಗ ಬೇಡ. ಸಂದಿಗೆ ಹಾಕುವ ಗಾರೆ ಅದೇ ಮಣ್ಣು, ಜರಡಿ ಹಿಡಿದದ್ದು. ಇಟ್ಟಿಗೆಗೆ ನೀರು ಚಿಮುಕಿಸಿದರೆ ಸಾಕು, ಮುಳುಗಿಸಬಾರದು. ಸುಟ್ಟ ಇಟ್ಟಿಗೆ ಕಟ್ಟಿ ಅಭ್ಯಾಸ ಇರುವ ಗಾರೆಯವರು ಮರೆತು ಬಕೆಟ್ಟಿಗೆ ಅದ್ದುತ್ತಾರೆ, ಮೊದಲೇ ಹೇಳಿಡಿ.

ಒಂದು ವರಸೆಯ ಸಂದು ಮೇಲಿನ ವರಸೆಯ ಇಟ್ಟಿಗೆಯ ನಡುವಿಗೆ ಬರಲಿ. ಮೂಲೆಗಳಲ್ಲಿ ಎರಡು ಗೋಡೆಯ ಇಟ್ಟಿಗೆ ಒಂದರ ಮೇಲೊಂದು ಕಚ್ಚಿಕೊಳ್ಳಬೇಕು. ಪ್ರತಿ ವರಸೆಗೂ ತೂಗುಗುಂಡು ಬಿಡಿ. ಮೂಲೆ ಸರಿ ಇದೆಯಾ ಅಂತ ನೋಡಲು ಒಂದು ಬದಿಗೆ 6 ಅಡಿ, ಇನ್ನೊಂದು ಬದಿಗೆ 8 ಅಡಿ ಗುರುತು ಮಾಡಿ. ನಡುವೆ ಓರೆ ಅಳತೆ 10 ಅಡಿ ಬಂದರೆ ಮೂಲೆ ಸರಿ.

ಗೋಡೆಯ ಎತ್ತರ ಅದರ ದಪ್ಪದ ಎಂಟು ಪಟ್ಟು ದಾಟಬಾರದು. ಬಾಗಿಲು, ಕಿಟಕಿ ಮೂಲೆಯಿಂದ ನಾಲ್ಕು ಅಡಿ ದೂರ ಇರಲಿ. ಇಷ್ಟು ಸಣ್ಣ ಶೆಡ್ಡಿಗೆ ಬಾಗಿಲು ಒಂದು ಗೋಡೆಯ ನಡುವೆ, ಕಿಟಕಿ ಇನ್ನೊಂದರ ನಡುವೆ ಇಟ್ಟರೆ ಎಲ್ಲ ಸರಿಹೋಗುತ್ತದೆ. ಬಾಗಿಲ ಮೇಲಿನ ಚಪ್ಪಡಿ ಅಥವಾ ಹಲಗೆ ಎರಡೂ ಬದಿ ಒಂದೊಂದು ಅಡಿ ಗೋಡೆಯೊಳಗೆ ಕೂರಬೇಕು. ಬಾಗಿಲನ್ನು ಪಶ್ಚಿಮಕ್ಕೆ ಇಡಬೇಡಿ. ಹಿಂಗಾರಿನ ಎರಚಲು ಈಶಾನ್ಯದಿಂದ ಬರುತ್ತದೆ, ಹಾಗಾಗಿ ದಕ್ಷಿಣದ ಗೋಡೆ ವಾಸಿ.

ಅರ್ಧ ಎದ್ದ ಗೋಡೆ ಎರಚಲಿಗೆ ನೆನೆದಿದೆ. ಏನು ಮಾಡಲಿ?

ಮೊದಲು ಮಕ್ಕಳನ್ನು, ಆಡು ಕುರಿಗಳನ್ನು ದೂರ ಇಡಿ. ಹಸಿ ಗೋಡೆಯ ಪಕ್ಕ ಯಾರೂ ಕೂರಬಾರದು, ಮಲಗಬಾರದು. ಒಂದು ಗೋಡೆ ನಾಲ್ಕಡಿ ಎದ್ದಿದ್ದರೂ ಅದರಲ್ಲಿ ಟನ್‌ಗಟ್ಟಲೆ ಮಣ್ಣಿರುತ್ತದೆ. ಈ ಒಂದು ವಿಷಯದಲ್ಲಿ ಧೈರ್ಯ ತೋರಿಸಬೇಡಿ.

ಆಮೇಲೆ ಬುಡ ನೋಡಿ. ಕೆಳಗಿನ ವರಸೆ ಹೊಟ್ಟೆ ಬಿಟ್ಟಿದೆಯಾ, ಗೋಡೆ ವಾಲಿದೆಯಾ, ಉದ್ದ ಸೀಳು ಬಂದಿದೆಯಾ? ಇದ್ದರೆ ದೂರದಿಂದ ಗಳದಲ್ಲಿ ಕೆಡವಿ, ಮತ್ತೆ ಕಟ್ಟಿ. ಮೈ ಮಾತ್ರ ನೆನೆದು ಬುಡ ಗಟ್ಟಿ ಇದ್ದರೆ ಹಾಗೇ ಬಿಡಿ. ಗಾಳಿಗೆ ಒಣಗಲಿ. ಪೂರ್ತಿ ಒಣಗುವವರೆಗೆ ಮೇಲೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಗೋಡೆಯ ತಲೆಗೆ ಮಾತ್ರ ತಾಡಪಾಲು ಹೊದಿಸಿ ಕಲ್ಲು ಹೇರಿ, ಮೈ ಮುಚ್ಚಬೇಡಿ.

ಯಾವಾಗ ಮೆತ್ತಬೇಕು? ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಗಟ್ಟಿ ಅಲ್ವಾ?

ಸಿಮೆಂಟ್ ಬೇಡ. ಮಣ್ಣಿನ ಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಸಿಮೆಂಟ್ ಪ್ಲಾಸ್ಟರ್ ಆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಕೂದಲೆಳೆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹೊರಗಿಂದ ಗೋಡೆ ಚೆಂದ ಕಾಣುತ್ತಿರುತ್ತದೆ, ಒಳಗೆ ಮಣ್ಣು ಮೆದುವಾಗಿರುತ್ತದೆ. ಒಂದು ದಿನ ಪ್ಲಾಸ್ಟರು ಹಲಗೆ ಹಲಗೆಯಾಗಿ ಕಳಚುತ್ತದೆ. ದುಡ್ಡು ಕೊಟ್ಟು ಗೋಡೆ ಕೆಡಿಸಿಕೊಳ್ಳುವ ಕೆಲಸ ಅದು.

ಮಣ್ಣಿನ ಗೋಡೆಗೆ ಮಣ್ಣಿನದೇ ಮೆತ್ತನೆ. ಸ್ವಾತಿ ಮಳೆ ಮುಗಿದು, ದೀಪಾವಳಿ ಕಳೆದು, ಗೋಡೆ ಒಣಗುತ್ತಾ ಕುಗ್ಗಿ ಕೂರುವುದು ನಿಂತ ಮೇಲೆ ಶುರು ಮಾಡಿ. ಜರಡಿ ಹಿಡಿದ ಮಣ್ಣು, ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ಬೆರೆಸಿ ಒಂದು ವಾರ, ಹತ್ತು ದಿನ ಕೊಳೆಯಲು ಬಿಡಿ. ವಾಸನೆ ಬರುತ್ತದೆ, ಬರಲಿ. ಆಗಲೇ ಅದು ಅಂಟುವುದು. ಗೋಡೆಗೆ ನೀರು ಚಿಮುಕಿಸಿ ಅರ್ಧ ಇಂಚು ದಪ್ಪ ಕೈಯಲ್ಲೇ ಮೆತ್ತಿ. ಬಿರುಕು ಬಂದರೆ ಎರಡನೇ ತೆಳು ಪದರದಲ್ಲಿ ಮರಳು ಜಾಸ್ತಿ ಮಾಡಿ. ಪಾಪಾಸುಕಳ್ಳಿಯ ಎಲೆ ಜಜ್ಜಿ ರಾತ್ರಿ ನೆನೆಸಿಟ್ಟ ಲೋಳೆ ನೀರಿನಲ್ಲಿ ಕೊನೆಯ ಪದರ ಕಲಸಿದರೆ ನೀರು ಹೀರುವುದು ಕಡಿಮೆಯಾಗುತ್ತದೆ. ಮೇಲೆ ಸುಣ್ಣ ಬಳಿಯಿರಿ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯಿರಿ.

ಗೆದ್ದಲು, ಹೆಗ್ಗಣ?

ಹೆಗ್ಗಣಕ್ಕೆ ಕಲ್ಲಿನ ಕಟ್ಟೇ ಮದ್ದು. ಗೆದ್ದಲು ಮಣ್ಣಿನ ಗೋಡೆ ತಿನ್ನುವುದಿಲ್ಲ, ಅದರೊಳಗೆ ದಾರಿ ಮಾಡಿಕೊಂಡು ಮರಕ್ಕೆ ಹೋಗುತ್ತದೆ. ತಿಂಗಳಿಗೊಮ್ಮೆ ಕಂಬ, ಬಾಗಿಲ ಚೌಕಟ್ಟು ನೋಡಿ, ಮಣ್ಣಿನ ಗೆರೆ ಕಂಡರೆ ಕೆರೆದು ಬೇವಿನ ಎಣ್ಣೆ ಬಳಿಯಿರಿ.

ಒಳಗೆ ಈರುಳ್ಳಿ ಇಡಬಹುದಾ?

ಬೇಡ. ಈರುಳ್ಳಿಗೆ ನಾಲ್ಕೂ ಕಡೆ ಗಾಳಿ ಬೇಕು, ಮುಚ್ಚಿದ ಮಣ್ಣಿನ ಕೋಣೆಯಲ್ಲಿ ಕೊಳೆಯುತ್ತದೆ. ಶೇಂಗಾ, ರಾಗಿ ಚೀಲ ಇಡಬಹುದು, ಆದರೆ ಕಟ್ಟಿದ ಮೊದಲ ವರ್ಷ ಬೇಡ. ಗೋಡೆಯಲ್ಲಿ ಇನ್ನೂ ತೇವ ಇರುತ್ತದೆ, ಶೇಂಗಾಕ್ಕೆ ಬೂಷ್ಟು ಹಿಡಿದರೆ ವಿಷ. ಮೊದಲ ವರ್ಷ ಸಲಿಕೆ, ಪೈಪು, ಔಷಧಿ ಹೊಡೆಯುವ ಪಂಪು ಇಡಿ. ಮುಂದೆ ಇಡುವಾಗಲೂ ಗೋಡೆಗೆ ತಾಗಿಸದೆ ಹಲಗೆ ಮೇಲೆ.

ಸ್ಟಾರ್ಟರ್ ಡಬ್ಬಿ ಗೋಡೆಗೆ ಹಾಕಬಹುದಾ?

ಹಸಿ ಗೋಡೆಗೆ ಯಾವ ಕಾರಣಕ್ಕೂ ಬೇಡ. ಗೋಡೆ ಒಣಗಿದ ಮೇಲೂ ಮೊಳೆ ಹೊಡೆದು ಸಿಕ್ಕಿಸಬೇಡಿ, ಮಣ್ಣು ಉದುರಿ ಡಬ್ಬಿ ಕಳಚುತ್ತದೆ. ಕಟ್ಟುವಾಗಲೇ ಎದೆಮಟ್ಟದ ವರಸೆಯಲ್ಲಿ ಎರಡು ಮರದ ದಿಮ್ಮಿ ಕೂರಿಸಿ, ಅವಕ್ಕೆ ಹಲಗೆ ಬಿಗಿದು, ಹಲಗೆಯ ಮೇಲೆ ಡಬ್ಬಿ ಹಾಕಿ. ವೈರು ಗೋಡೆಯೊಳಗೆ ಹೋಗುವ ಕಡೆ ಪೈಪಿನಲ್ಲಿ ಬರಲಿ, ಪೈಪು ಹೊರಗಡೆ ಸ್ವಲ್ಪ ಕೆಳಗೆ ಬಾಗಿರಲಿ. ಅರ್ತಿಂಗ್ ತಂತಿಯನ್ನು ಗೊತ್ತಿರುವ ಲೈನ್‌ಮನ್ ಅಥವಾ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ.